ಎರಡನೇ ಪ್ರೆಸ್ಸಿನ ಗಾಳಿ

ಕಳೆದ ವಾರ ಇಲ್ಲಿ, ಬಹರೈನಿನ ಸಲ್ಮಾಬಾದಿನ ಗ್ಯಾರೇಜೊಂದರಲ್ಲಿ ಕಾರಿನ ಚಕ್ರಕ್ಕೆ ಗಾಳಿ ಹಾಕಿಸುತ್ತಿದ್ದೆ. ಗ್ಯಾರೇಜಿನವನು ಪೈಪು ಕಿತ್ತ ಕ್ಷಣ ಒಂದಿಷ್ಟು ಗಾಳಿ ನನ್ನ ಮುಖಕ್ಕೆ ಬಡಿಯಿತು. ಕಂಪ್ರೆಸರಿನಿಂದ ಬರುವ ಗಾಳಿಗೆ ತನ್ನದೇ ಒಂದು ವಾಸನೆ ಇರುತ್ತದೆ. ಕಾದ ಎಣ್ಣೆ, ರಬ್ಬರು, ಸ್ವಲ್ಪ ತುಕ್ಕು. ಹಣ ಕೊಟ್ಟು ಕಾರಿನೊಳಗೆ ಕೂತೆ. ಮನೆ ಇರುವುದು ಬುಸೈತೀನಿನಲ್ಲಿ, ಹೊರಟರೆ ಅರ್ಧ ಗಂಟೆಯ ದಾರಿ. ಆದರೆ ಸ್ವಲ್ಪ ಹೊತ್ತು ಕಾರು ಚಾಲೂ ಮಾಡಲು ಆಗಲಿಲ್ಲ. ನಾನು ಬಹರೈನಿಗೆ ಬಂದ ಮೊದಲ ವರ್ಷದ ಬೇಸಿಗೆಗೆ ಇದೇ ವಾಸನೆ ಇತ್ತು. ಆ ಬೇಸಿಗೆಯ ಬಗ್ಗೆ ನಾನು ಯಾರ ಹತ್ತಿರವೂ ಹೆಚ್ಚು ಮಾತನಾಡಿಲ್ಲ. ಕೇಳಿದವರಿಗೆ, ಮೊದಲು ಒಂದು ಅಲ್ಯೂಮಿನಿಯಂ ಕಾರ್ಖಾನೆಯಲ್ಲಿದ್ದೆ, ಆಮೇಲೆ ಬಿಟ್ಟೆ ಎಂದಷ್ಟೇ ಹೇಳುತ್ತೇನೆ.

ನಾನು ದಾವಣಗೆರೆಯವಳು. ಕಾರ್ಖಾನೆಗಳಲ್ಲಿ ವಿದ್ಯುತ್ತು ಎಲ್ಲೆಲ್ಲಿ ಪೋಲಾಗುತ್ತದೆ, ಅದನ್ನು ತಡೆಯುವುದು ಹೇಗೆ ಎಂಬುದನ್ನೇ ವಿಷಯವಾಗಿಟ್ಟುಕೊಂಡು ಎಂ.ಟೆಕ್ ಓದಿದವಳು. ಆ ಕೆಲಸಕ್ಕೆಂದೇ ಕರೆಸಿಕೊಂಡಿದ್ದರು. ಮುಹರ್ರಕ್ ಊರು ದಾಟಿದ ಮೇಲೆ, ಸಮುದ್ರ ತುಂಬಿಸಿ ಮಾಡಿದ ನೆಲದಲ್ಲಿ ಸಾಲಾಗಿ ನಿಂತ ತಗಡಿನ ಷೆಡ್ಡುಗಳ ನಡುವೆ ನಮ್ಮದೂ ಒಂದು. ಕಿಟಕಿ, ಬಾಗಿಲುಗಳ ಚೌಕಟ್ಟಿಗೆ ಬೇಕಾದ ಪಟ್ಟಿಗಳನ್ನು ಅಲ್ಲಿ ಮಾಡುತ್ತಿದ್ದರು. ಶ್ಯಾವಿಗೆ ಒರಳಿನಲ್ಲಿ ಹಿಟ್ಟಿಟ್ಟು ಒತ್ತುವ ಹಾಗೆ, ಮೆತ್ತಗಾಗುವಷ್ಟು ಕಾಯಿಸಿದ ಲೋಹದ ದಿಂಡನ್ನು ಪ್ರೆಸ್ಸಿನೊಳಗಿಟ್ಟು ಅಚ್ಚಿನ ಮೂಲಕ ಒತ್ತುವುದು. ಆಚೆ ಬದಿಯಲ್ಲಿ ಉದ್ದನೆಯ ಪಟ್ಟಿ ಹೊರಬರುತ್ತದೆ. ಅದನ್ನು ಎಳೆದು ನೇರ ಮಾಡಿ ಕೊಯ್ದು ಜೋಡಿಸುತ್ತಾರೆ. ಅಂಥ ಮೂರು ಪ್ರೆಸ್ಸುಗಳಿದ್ದವು. ಎರಡನೆಯದನ್ನು ನಡೆಸುತ್ತಿದ್ದವರು ವಾಸು ಪೂಜಾರಿ. ಮುಲ್ಕಿ ಕಡೆಯವರು, ಮನೆಮಾತು ತುಳು, ಐವತ್ತರ ಆಸುಪಾಸಿನ ವಯಸ್ಸು. ಎಲ್ಲರಿಗೂ ಅವರು ವಾಸಣ್ಣ.

ವಾಸಣ್ಣ ಸಾಧು ಮನುಷ್ಯ ಎಂದು ನಾನು ಹೇಳಲಾರೆ. ಬಾಯಿ ಜೋರು. ಕೈಗವಸು ಹಾಕಿಕೊಳ್ಳಿ ಎಂದರೆ ಬೆಂಕಿಯ ಜೊತೆ ತನಗೆ ಹಳೆಯ ನೆಂಟಸ್ತಿಕೆ ಎನ್ನುವರು. ಇಸ್ಪೀಟಿನಲ್ಲಿ ಮೋಸ ಮಾಡುತ್ತಾರೆಂದು ಕೆಲಸಗಾರರು ಉಳಿಯುವ ಕ್ಯಾಂಪಿನಲ್ಲಿ ಎಲ್ಲರೂ ಬೈಯುತ್ತಿದ್ದರು. ಆದರೆ ಹಿಂದಿನ ವರ್ಷದ ಬೇಸಿಗೆಯಲ್ಲಿ ಅವರು ಪ್ರೆಸ್ಸಿನ ಪಕ್ಕದಲ್ಲೇ ಪ್ರಜ್ಞೆ ತಪ್ಪಿ ಬಿದ್ದಿದ್ದರು, ನಾಲ್ಕು ಜನ ಹೊತ್ತು ಹೊರಗೆ ತಂದಿದ್ದರು. ಮತ್ತೊಂದು ಸಲ ಹಾಗಾದರೆ ಈ ಕೆಲಸ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರಂತೆ. ಆ ಮಾತನ್ನು ಅವರು ಕಂಪನಿಗೂ ತಿಳಿಸಿರಲಿಲ್ಲ, ಊರಿಗೂ ತಿಳಿಸಿರಲಿಲ್ಲ. ಬೇರೆ ಕೆಲಸ ಹುಡುಕುವ ವಯಸ್ಸು ದಾಟಿತ್ತು. ಊರಿಗೆ ಮರಳುವ ಮೊದಲು ಇನ್ನೆರಡು ಬೇಸಿಗೆಯನ್ನು ಬೀಳದೆ, ನಿಂತುಕೊಂಡೇ ಕಳೆಯುವುದು ಅವರ ಗುರಿಯಾಗಿತ್ತು.

ಪ್ಲಾಂಟ್ ಮ್ಯಾನೇಜರ್ ಶ್ರೀಕಾಂತ್ ಬೆಂಗಳೂರಿನವರು. ಹೆಂಗಸೊಬ್ಬಳನ್ನು ಷೆಡ್ಡಿನೊಳಗೆ ಬಿಡುವುದು ಬೇಡ ಎಂದು ಹಲವರು ಅಂದಾಗ, ನನ್ನನ್ನು ತೆಗೆದುಕೊಳ್ಳಲೇಬೇಕೆಂದು ಹಟ ಹಿಡಿದವರು ಅವರೇ. ನನಗೆ ಜ್ವರ ಬಂದಾಗ ಗುದೈಬಿಯಾದ ನನ್ನ ಕೋಣೆಯವರೆಗೆ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಅವರೇ. ಅವರನ್ನು ಸುಲಭವಾಗಿ ದ್ವೇಷಿಸಲು ಆಗಿದ್ದರೆ ಆ ವರ್ಷ ಇಷ್ಟು ಕಹಿಯಾಗಿ ಉಳಿಯುತ್ತಿರಲಿಲ್ಲ.

ಅವರಿಗೆ ಇನ್ನೋವೇಷನ್ ಎಂಬ ಪದ ಬಹಳ ಪ್ರೀತಿಯದು. ಬಂದ ಹೊಸತರಲ್ಲೇ ಒಂದು ಇನ್ನೋವೇಷನ್ ಸೆಲ್ ಮಾಡಿದ್ದರು. ಅದರ ಸದಸ್ಯರು ನಾನು ಮತ್ತು ಅವರು. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಮಾಲು ತಯಾರಿಸುವ ಕಾರ್ಖಾನೆಗಳಿಗೆ ಕೊಡುವ ಒಂದು ಪ್ರಶಸ್ತಿಗೆ ಆ ವರ್ಷ ಅರ್ಜಿ ಹಾಕುವುದೆಂದು ಮುಖ್ಯ ಕಚೇರಿಯಲ್ಲಿ ತೀರ್ಮಾನವಾಗಿತ್ತು. "ನೋಡಮ್ಮ ನಮಿತಾ, ಹೊಸ ಮಷೀನ್ ತಗೊಳ್ಳೋಕೆ ಈ ವರ್ಷ ಬಿಡಲ್ಲ. ಇರೋದರಲ್ಲೇ ಏನಾದ್ರೂ ಹೊಸದು ಮಾಡಿ ತೋರಿಸ್ಬೇಕು" ಎಂದು ಅವರು ಹೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ನಾನು ಓದಿದ್ದೆಲ್ಲ ಅದೇ ತಾನೆ.

ಮೊದಲು ಕಂಪ್ರೆಸರಿಗೆ ಕೈ ಹಾಕಿದೆ. ಪ್ರೆಸ್ಸಿನ ಸಣ್ಣಪುಟ್ಟ ಕೈಗಳನ್ನು ಆಡಿಸಲು, ಗರಗಸದ ಚೂರು ಊದಲು ಷೆಡ್ಡಿನ ತುಂಬ ಗಾಳಿಯ ಪೈಪು ಓಡುತ್ತದೆ. ಮೇ ತಿಂಗಳಲ್ಲಿ ಮುಖ್ಯ ಪೈಪಿಗೆ ಒಂದು ಮೀಟರು ಹಾಕಿಸಿದೆ. ಎಷ್ಟು ಗಾಳಿ ಬೇಕೋ ಅದಕ್ಕಿಂತ ಬಹಳ ಹೆಚ್ಚು ಹೋಗುತ್ತಿತ್ತು. ಹಳೆಯ ಪೈಪು, ಸೋರಿಕೆ ಇರುತ್ತದೆ, ಅದು ನಿರೀಕ್ಷಿತವೇ. ಆದರೆ ಈ ಸೋರಿಕೆ ಬೆಳಿಗ್ಗೆ ಇರುತ್ತಿರಲಿಲ್ಲ. ಹೊತ್ತೇರಿದ ಹಾಗೆ ಏರುತ್ತಿತ್ತು, ಮಧ್ಯಾಹ್ನ ಊಟದ ಹೊತ್ತಿಗೆ ನಿಲ್ಲುತ್ತಿತ್ತು, ಊಟ ಮುಗಿದೊಡನೆ ಮತ್ತೆ ಶುರು. ಪೈಪಿನ ಸೋರಿಕೆ ಊಟಕ್ಕೆ ಎದ್ದುಹೋಗುವುದಿಲ್ಲ. ನಾನು ಕಂಪ್ಯೂಟರಿನಲ್ಲಿ ಮೀಟರಿನ ಗೆರೆಯನ್ನು ನೋಡಿದೆ, ಆಮೇಲೆ ಷೆಡ್ಡಿನೊಳಗೆ ಹೋಗಿ ಎರಡನೇ ಪ್ರೆಸ್ಸಿನ ಹತ್ತಿರ ನಿಂತೆ.

ವಾಸಣ್ಣ ನನ್ನನ್ನೇ ನೋಡುತ್ತಿದ್ದರು. "ಎಂತ ಮೇಡಂ, ಎಂತ ಹುಡುಕ್ತಾ ಇದ್ದೀರಿ?"

"ಸೋರಿಕೆ ವಾಸಣ್ಣ. ಎಲ್ಲೋ ಗಾಳಿ ಹೋಗ್ತಿದೆ."

"ಇಲ್ಲಿ ಎಂತದೂ ಇಲ್ಲ. ಒಂದನೇ ಪ್ರೆಸ್ಸಿನಲ್ಲಿ ನೋಡಿ. ಆ ಮಲಯಾಳಿಗಳದ್ದು ಎಲ್ಲ ಸೋರುದೇ."

ಅವರ ಹಿಂದೆ ಕಂಬಕ್ಕೆ ಅಂಟಿಕೊಂಡು ಗಾಳಿಯ ಪೈಪು ಹೋಗಿತ್ತು. ಅದಕ್ಕೆ, ಸರಿಯಾಗಿ ಅವರ ಕತ್ತಿನ ಎತ್ತರಕ್ಕೆ, ಪೆನ್ನಿನ ಒಂದು ಮುಚ್ಚಳ ಸಿಕ್ಕಿಸಿತ್ತು. ಕಳೆಯದಿರಲಿ ಎಂದು ದಾರವನ್ನೂ ಕಟ್ಟಿದ್ದರು. ನಾನು ಅದನ್ನು ಕಿತ್ತೆ. ಸುಯ್ಯೆಂದು ಗಾಳಿ ಚಿಮ್ಮಿತು.

ಗರಗಸದ ಹತ್ತಿರ ನಿಂತಿದ್ದ ರಫೀಕ್ ಭಾಯ್ ಜೋರಾಗಿ ನಕ್ಕ. ಅವನು ಢಾಕಾ ಕಡೆಯವನು, ವಾಸಣ್ಣನ ಜೊತೆ ಅದೇ ಪ್ರೆಸ್ಸಿನಲ್ಲಿ ಪಟ್ಟಿ ಕೊಯ್ಯುವವನು. ಸಿಕ್ಕಿಬಿದ್ದಿರಿ ಎಂದು ಹಿಂದಿಯಲ್ಲಿ ಛೇಡಿಸಿದ. ವಾಸಣ್ಣ ಅವನಿಗೊಂದು ಬೈಗುಳ ಎಸೆದು ನನ್ನ ಕಡೆ ತಿರುಗಿದರು.

"ಇದು ಲೀಕ್ ಅಲ್ಲ ಮೇಡಂ. ಇದು ನಮ್ಮ ಏಸಿ. ನಿಮ್ಮ ಆಫೀಸಲ್ಲಿ ಉಂಟಲ್ಲ, ಅದರ ಬಡ ತಮ್ಮ."

ಮೂರೂ ಪ್ರೆಸ್ಸುಗಳ ಸುತ್ತ ಹಾಗೆ ಕೊರೆದ ತೂತುಗಳಿದ್ದವು. ಒಬ್ಬೊಬ್ಬರಿಗೂ ಒಂದೊಂದು, ಅವರವರ ಎತ್ತರಕ್ಕೆ. ಕೆಲವರದ್ದು ಮರದ ಬೆಣೆ, ಕೆಲವರದ್ದು ಬಟ್ಟೆಯ ಉಂಡೆ. ಊಟಕ್ಕೆ ಹೋಗುವಾಗ ಮುಚ್ಚಿ ಹೋಗುತ್ತಿದ್ದರು. ಅವರಿಗೂ ಒಂದು ಶಿಸ್ತಿತ್ತು.

"ಈ ಗಾಳಿ ಮಾಡೋಕೆ ಎಷ್ಟು ಕರೆಂಟು ಹೋಗುತ್ತೆ ಗೊತ್ತಾ ವಾಸಣ್ಣ?"

"ಗಾಳಿಗೆ ಎಂತ ಕರೆಂಟು ಮಾರಾಯ್ರೆ? ಹೊರಗೆ ಬೇಕಾದಷ್ಟು ಉಂಟು. ಪೈಪಿನೊಳಗೆ ತುಂಬಿಸಿದ್ರೆ ಆಯ್ತು."

ನಾನು ವಿವರಿಸಿದೆ. ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ದುಬಾರಿ ವಸ್ತು ಈ ಒತ್ತಿದ ಗಾಳಿ. ಕಂಪ್ರೆಸರಿಗೆ ಕೊಟ್ಟ ಕರೆಂಟಿನಲ್ಲಿ ಹೆಚ್ಚಿನ ಪಾಲು ಬರೀ ಕಾವಾಗಿ ಹೋಗುತ್ತದೆ. ಆ ಕಾವನ್ನು ಹೊರಗೆ ಹಾಕುವ ಜಾಲರಿ ನಮ್ಮಲ್ಲಿ ಇದೇ ಷೆಡ್ಡಿನೊಳಕ್ಕೆ, ಇದೇ ಪ್ರೆಸ್ಸುಗಳ ಕಡೆಗೆ ತೆರೆದುಕೊಂಡಿದೆ. ತೂತು ಬಿಟ್ಟಷ್ಟೂ ಕಂಪ್ರೆಸರು ಹೆಚ್ಚು ಓಡುತ್ತದೆ, ಷೆಡ್ಡು ಹೆಚ್ಚು ಕಾಯುತ್ತದೆ.

ವಾಸಣ್ಣ ತಿರುಗಿ ಜಾಲರಿಯನ್ನು ನೋಡಿದರು. "ಅಂದ್ರೆ ನನ್ನನ್ನು ನಾನೇ ಬೇಯಿಸ್ತಾ ಇದ್ದೇನೆ ಅಂತ ನೀವು ಹೇಳುದು?"

"ಹೌದು. ಮತ್ತೆ ಇಷ್ಟು ಒತ್ತಡದ ಗಾಳಿ ಮೈಗೆ ಬಿಟ್ಕೊಳ್ಳೋದು ಅಪಾಯ. ಕಣ್ಣು ಹೋಗಬಹುದು. ಗಾಯ ಇದ್ರೆ ಚರ್ಮದೊಳಗೆ ಹೋಗುತ್ತೆ."

"ಸರಿ. ಮುಚ್ಚಿ ಹಾಗಾದ್ರೆ. ಮುಚ್ಚಿದ ಮೇಲೆ ಇಲ್ಲಿ ನೀವು ನಿಂತ್ಕೊಳ್ಳಿ, ನಾನು ಆಫೀಸಲ್ಲಿ ಕೂತು ಮೀಟರ್ ನೋಡ್ತೇನೆ."

ಆಗ ನಾನು ಮಾತು ಕೊಟ್ಟೆ. ತಂಪಿಗೆ ಬೇರೆ ಏರ್ಪಾಡು ಆಗುವವರೆಗೆ ಒಂದು ತೂತನ್ನೂ ಮುಚ್ಚಿಸುವುದಿಲ್ಲ ಎಂದೆ. ರಫೀಕ್ ಭಾಯಿಗೆ ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದೆ. ಅದನ್ನು ವರದಿಯಲ್ಲೂ ಸ್ಪಷ್ಟವಾಗಿ ಬರೆದೆ: ಇವು ಸೋರಿಕೆಗಳಲ್ಲ, ಕೆಲಸಗಾರರು ತಂಪಿಗಾಗಿ ಮಾಡಿಕೊಂಡವು, ಬದಲಿ ಏರ್ಪಾಡಿಲ್ಲದೆ ಮುಚ್ಚಬಾರದು.

ಬದಲಿ ಏರ್ಪಾಡು ಏನು ಎಂಬುದೇ ಪ್ರಶ್ನೆ. ನೀರಿನ ಕೂಲರು ಇಲ್ಲಿ ಜುಲೈ ಕಳೆದರೆ ಉಪಯೋಗವಿಲ್ಲ. ಸಮುದ್ರದ ತೇವ ಗಾಳಿಯಲ್ಲೇ ತುಂಬಿರುವಾಗ ನೀರು ಆರುವುದಿಲ್ಲ, ತಂಪೂ ಆಗುವುದಿಲ್ಲ. ಷೆಡ್ಡಿಗೆಲ್ಲ ಏಸಿ ಹಾಕುವ ಮಾತೇ ಇಲ್ಲ. ಉತ್ತರ ನನ್ನ ತಲೆಯ ಮೇಲೇ ಇತ್ತು. ಷೆಡ್ಡಿಗೆ ಅಂಟಿಕೊಂಡಿದ್ದ ನಮ್ಮ ಆಫೀಸಿನ ಏಸಿ ಎಷ್ಟು ಜೋರೆಂದರೆ ನಾವು ಸ್ವೆಟರು ಹಾಕಿಕೊಂಡು ಕೂರುತ್ತಿದ್ದೆವು. ಕೋಣೆಗಳಿಗೆ ಹೊಸ ಗಾಳಿ ಬರಬೇಕಾದ್ದರಿಂದ, ಅಷ್ಟು ಖರ್ಚು ಮಾಡಿ ತಂಪಾಗಿಸಿದ ಹಳೆಯ ಗಾಳಿಯನ್ನು ಒಂದು ಫ್ಯಾನು ಚಾವಣಿಯಿಂದ ಬಯಲಿಗೆ ಎಸೆಯುತ್ತಿತ್ತು. ಆ ಗಾಳಿಯನ್ನೇ ತಗಡಿನ ಕೊಳವೆಯಲ್ಲಿ ಇಳಿಸಿ ಪ್ರೆಸ್ಸಿನ ಮುಂದೆ ನಿಂತವರ ತಲೆಯ ಮೇಲೆ ಬಿಟ್ಟರೆ? ಹೇಗೂ ಬಿಸಾಡುವ ತಂಪು. ಬೇಕಾದದ್ದು ಇನ್ನೊಂದು ಸಣ್ಣ ಫ್ಯಾನು, ಒಂದಿಷ್ಟು ತಗಡು.

ಅಚ್ಚು ಬದಲಾಯಿಸಲು ಎರಡನೇ ಪ್ರೆಸ್ಸು ನಿಂತಿದ್ದ ಒಂದು ದಿನ ಅದನ್ನು ಕಟ್ಟಿದೆವು. ನಾನು ನಕ್ಷೆ ಬರೆದಿದ್ದೆ. ತಗಡು ಮಡಚಿದ್ದು ರಫೀಕ್ ಭಾಯ್. ವಾಸಣ್ಣ ಕೆಳಗೆ ನಿಂತು ಸೊಟ್ಟ, ಸೊಟ್ಟ ಎಂದು ಕೂಗುತ್ತಿದ್ದದ್ದೇ ಹೆಚ್ಚು. ಫ್ಯಾನು ಹಾಕಿದಾಗ ಕೊಳವೆಯಿಂದ ಮೊದಲು ಧೂಳು ಬಂತು, ಆಮೇಲೆ ತಣ್ಣನೆಯ ಗಾಳಿ. ವಾಸಣ್ಣ ಮುಖವೆತ್ತಿ ಮೂಗರಳಿಸಿದರು.

"ಮೇಡಂ! ಮುದೀರರ ಅತ್ತರಿನ ವಾಸನೆ ಬರ್ತದೆ!"

ಹೌದು, ಬರುತ್ತಿತ್ತು. ಇಲ್ಲಿ ಮ್ಯಾನೇಜರನ್ನು ಎಲ್ಲರೂ ಮುದೀರ್ ಎನ್ನುತ್ತಾರೆ. ಶ್ರೀಕಾಂತ್ ಸರ್ ಬಳಸುವ, ಊದ್ ಎಂಬ ಸುಗಂಧದ ಕಟ್ಟಿಗೆಯ ಅತ್ತರು, ಅವರ ಕೋಣೆಯ ಕಾಫಿ, ಎರಡೂ ಆ ಗಾಳಿಯಲ್ಲಿ ಬೆರೆತು ಷೆಡ್ಡಿಗೆ ಇಳಿಯುತ್ತಿದ್ದವು. ಕೆಲಸಗಾರರು ಅದಕ್ಕೆ ಸಾಹೇಬರ ಉಸಿರು ಎಂದು ಹೆಸರಿಟ್ಟರು. ಆ ವಾರವಿಡೀ ಎರಡನೇ ಪ್ರೆಸ್ಸಿನ ಪೆನ್ನಿನ ಮುಚ್ಚಳವನ್ನು ಯಾರೂ ಕೀಳಲಿಲ್ಲ. ಮೀಟರಿನಲ್ಲೂ ಅದು ಕಾಣುತ್ತಿತ್ತು. ಒಂದನೇ, ಮೂರನೇ ಪ್ರೆಸ್ಸಿನವರು ಬಂದು ನಮಗೆ ಯಾವಾಗ ಎಂದು ಕೇಳಿದರು. ಶ್ರೀಕಾಂತ್ ಸರ್ ಕೆಳಗಿಳಿದು ಬಂದು, ಕೊಳವೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. "ಬ್ರಿಲಿಯಂಟ್. ಇದು ಕಣಮ್ಮ ಇನ್ನೋವೇಷನ್ ಅಂದ್ರೆ" ಎಂದರು. ಅದನ್ನು ಅವರು ಮನಸಾರೆ ಹೇಳಿದರೆಂದು ನಾನು ಈಗಲೂ ನಂಬುತ್ತೇನೆ.

ಬಕ್ರೀದಿನ ರಜೆಗೆ ಕಾರ್ಖಾನೆ ಮುಚ್ಚಿತು. ನಾನು ಗುದೈಬಿಯಾದ ಕೋಣೆಯಲ್ಲಿ ಬಟ್ಟೆ ಒಗೆದುಕೊಂಡು, ಊರಿಗೆ ಫೋನು ಮಾಡಿಕೊಂಡು ಇದ್ದೆ. ರಜೆ ಮುಗಿದು ಹೋದಾಗ ಷೆಡ್ಡಿನಲ್ಲಿ ಹೊಳೆಯುವ ಹೊಸ ಸ್ಟೀಲ್ ಪೈಪುಗಳಿದ್ದವು. ಗುತ್ತಿಗೆದಾರರ ಜನ ಬಂದು ಹಳೆಯ ಪೈಪನ್ನೆಲ್ಲ ಕಿತ್ತು ಹೊಸದು ಹಾಕಿ ಹೋಗಿದ್ದರು. ಪ್ರತಿ ಪ್ರೆಸ್ಸಿಗೂ ಬೇರೆ ಬೇರೆ ಮೀಟರು. ಎಲ್ಲಿ ಸೋರಿದರೂ ಆಫೀಸಿನ ಪರದೆಯ ಮೇಲೆ ಕೆಂಪು ಚುಕ್ಕೆ ಹೊಳೆಯುತ್ತದೆ. ತಗಡಿನ ಕೊಳವೆ ಇರಲಿಲ್ಲ. ಚಾವಣಿಯಲ್ಲಿ ಅದು ಇದ್ದ ಜಾಗಕ್ಕೆ ಬಿಳಿಯ ಬಣ್ಣ ಹಚ್ಚಿದ್ದರು.

ನಾನು ಮೆಟ್ಟಿಲು ಹತ್ತಿ ಶ್ರೀಕಾಂತ್ ಸರ್ ಕೋಣೆಗೆ ಹೋದೆ.

"ಸರ್, ಬದಲಿ ಏರ್ಪಾಡಿಲ್ಲದೆ ಮುಚ್ಚಬಾರದು ಅಂತ ಬರೆದಿದ್ದೆ."

"ಓದಿದೀನಿ. ಅದನ್ನ ಫೇಸ್ ಟೂಗೆ ಹಾಕಿದೀನಿ ನಮಿತಾ. ಮೊದಲು ಸೋರಿಕೆ ನಿಲ್ಲಿಸೋಣ, ಆಮೇಲೆ ಕೂಲಿಂಗು."

"ಕೊಳವೆ ಯಾಕೆ ತೆಗೆಸಿದ್ರಿ? ಅದು ಕೆಲಸ ಮಾಡ್ತಿತ್ತಲ್ಲ."

ಅವರು ಸ್ವಲ್ಪ ಮುಜುಗರಪಟ್ಟರು. "ಕನ್ಸಲ್ಟೆಂಟ್ ಬಂದು ನೋಡಿದ್ರು. ಪ್ರಶಸ್ತಿಯವರು ಓಡಾಡೋ ದಾರಿ ಅದು, ಏನೋ ತೇಪೆ ಹಾಕಿದ ಜುಗಾಡ್ ತರ ಕಾಣುತ್ತೆ ಅಂದ್ರು. ಮತ್ತೆ ಅದರ ಫ್ಯಾನು ನಮ್ಮ ಬಳಕೆ ಲೆಕ್ಕಕ್ಕೆ ಸೇರುತ್ತೆ. ತೂತು ಮುಚ್ಚಿದ್ರೆ ಬಳಕೆ ಇಳಿಯುತ್ತೆ, ಕೊಳವೆ ಹಾಕಿದ್ರೆ ಏರುತ್ತೆ. ಅರ್ಥ ಆಯ್ತಲ್ಲ?"

ಅರ್ಥವಾಯಿತು. ತಂಪು ಎನ್ನುವುದು ಖರ್ಚಿನ ಕಡೆ ಬರುತ್ತಿತ್ತು, ಸೆಕೆ ಯಾವ ಕಡೆಯೂ ಬರುತ್ತಿರಲಿಲ್ಲ.

ಷೆಡ್ಡಿಗೆ ಇಳಿದು ವಾಸಣ್ಣನಿಗೆ ಹೇಳಿದೆ. ನನಗೆ ಗೊತ್ತಿರಲಿಲ್ಲ ಎಂದೆ. ಅವರು ಹೊಸ ಪೈಪನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. "ಒಳ್ಳೆ ಪೈಪು. ನಮ್ಮ ಡ್ರಿಲ್ ಬಿಟ್ ಇದಕ್ಕೆ ಸಾಕಾಗುದಿಲ್ಲ" ಎಂದಷ್ಟೇ ಹೇಳಿದರು. ಎರಡನೇ ಹಂತ ಯಾವಾಗ ಎಂದು ಮಾತ್ರ ಕೇಳಿದರು. ನಾನು, ಒತ್ತಾಯ ಮಾಡುತ್ತೇನೆ ಎಂದೆ. ಮಾಡಿದೆ ಕೂಡ. ಜೂನಿನಲ್ಲಿ, ಜುಲೈಯಲ್ಲಿ, ಮೀಟಿಂಗು ಮೀಟಿಂಗಿಗೂ ಅದನ್ನು ಎತ್ತಿದೆ. ಕೊನೆಗೆ ಶ್ರೀಕಾಂತ್ ಸರ್ ನನ್ನನ್ನು ಕಂಡರೆ "ಬಂದ್ಲು ಫೇಸ್ ಟೂ" ಎಂದು ನಗುವ ಹಾಗಾಯಿತು.

ಬೇಸಿಗೆಯ ಮಧ್ಯಾಹ್ನ ಬಯಲಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಕಾನೂನಿದೆ. ರಸ್ತೆಯಾಚೆ ಕಟ್ಟಡ ಕಟ್ಟುತ್ತಿದ್ದವರು ಆ ಹೊತ್ತಿಗೆ ಕೆಲಸ ನಿಲ್ಲಿಸಿ ನೆರಳಿನಲ್ಲಿ ಮಲಗುವುದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ನಮ್ಮದು ಸೂರಿನ ಕೆಳಗಿನ ಕೆಲಸ, ಆದ್ದರಿಂದ ಅನ್ವಯಿಸುವುದಿಲ್ಲ. ಸೂರು ತಗಡಿನದು. ಆಗಸ್ಟಿನಲ್ಲಿ ತೇವ ಏರಿತು. ಆಫೀಸಿನ ಬಾಗಿಲು ತೆರೆದು ಷೆಡ್ಡಿಗೆ ಕಾಲಿಟ್ಟೊಡನೆ ನನ್ನ ಕನ್ನಡಕ ಮಂಜಾಗಿ ಏನೂ ಕಾಣದೆ ಬಾಗಿಲಲ್ಲೇ ನಿಲ್ಲುತ್ತಿದ್ದೆ. ಒರೆಸಿಕೊಂಡು ನೋಡಿದರೆ ಅಂಗಿ ಮೈಗೆ ಅಂಟಿದ ಗಂಡಸರು, ಕುತ್ತಿಗೆಗೆ ಒದ್ದೆ ಟವೆಲು. ವಾಸಣ್ಣ ಬೈಯುವುದನ್ನೂ ನಿಲ್ಲಿಸಿದ್ದರು. ಅದು ನನಗೆ ಹೆಚ್ಚು ಭಯ ಹುಟ್ಟಿಸಿತು.

ಅವರು ಆಗಾಗ ಪ್ರೆಸ್ಸು ಬಿಟ್ಟು ನೀರಿನ ನಲ್ಲಿಯ ಹತ್ತಿರ ಹೋಗಿ ತಲೆ ಒಡ್ಡಿ ನಿಲ್ಲುತ್ತಿದ್ದರು. ಬೇರೆಯವರೂ ಹಾಗೆಯೇ. ಅಷ್ಟರಲ್ಲಿ ಅಚ್ಚು ಆರುತ್ತದೆ. ಆರಿದ ಅಚ್ಚಿನಿಂದ ಬರುವ ಪಟ್ಟಿ ತಿರುಚಿಕೊಂಡು ಹೊರಬರುತ್ತದೆ, ಅದನ್ನು ಕತ್ತರಿಸಿ ಎಸೆಯಬೇಕು. ಷೆಡ್ಡಿನ ಹಿಂದೆ ಹಾಳಾದ ಪಟ್ಟಿಗಳ ರಾಶಿ ಏರುತ್ತಲೇ ಹೋಯಿತು. ಅದನ್ನು ಒಯ್ಯುವ ಲಾರಿ ಮೊದಲಿಗಿಂತ ಹೆಚ್ಚು ಸಲ ಬರತೊಡಗಿತು. ನಾನು ಲೆಕ್ಕ ಹಾಕಿದೆ. ನನಗೆ ಬರುವುದು ಅದೊಂದೇ ತಾನೆ. ಹಾಕಿ, ಮತ್ತೊಮ್ಮೆ ಪರೀಕ್ಷಿಸಿ, ಶ್ರೀಕಾಂತ್ ಸರ್ ಮುಂದಿಟ್ಟೆ.

"ಸರ್, ಗಾಳಿಯಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಕರೆಂಟು ಸ್ಕ್ರ್ಯಾಪಿನಲ್ಲಿ ಹೋಗ್ತಿದೆ. ಹಾಳಾದ ಪಟ್ಟೀನ ಮತ್ತೆ ಕರಗಿಸ್ಬೇಕು, ಮತ್ತೆ ದಿಂಡು ಮಾಡ್ಬೇಕು."

"ಎಲ್ಲಿ ಕರಗಿಸ್ತಾರೆ?"

"ಆಚೆ ಕಂಪನಿಯವರು ಲಾರಿಯಲ್ಲಿ ತಗೊಂಡು ಹೋಗಿ..."

"ಹಾಂ, ಆಚೆ ಕಂಪನಿಯವರು. ಅವರ ಕುಲುಮೆ, ಅವರ ಮೀಟರು. ನಮ್ಮ ಬೌಂಡರಿಯೊಳಗೆ ಬರಲ್ಲ."

"ದಿಂಡನ್ನ ಕಾಯಿಸಿದ್ದು, ಒತ್ತಿದ್ದು ನಾವೇ ಅಲ್ವಾ?"

"ನಾವು ತೋರಿಸೋದು ಒತ್ತಿದ ಪ್ರತಿ ಟನ್ನಿಗೆ ಎಷ್ಟು ಕರೆಂಟು ಅಂತ. ಮಾರಿದ ಟನ್ನಿಗೆ ಅಲ್ಲ. ಫಾರ್ಮ್ಯಾಟೇ ಹಾಗಿದೆ, ನಾನೇನು ಮಾಡ್ಲಿ?"

"ಕರೆಂಟಿಗೆ ನಮ್ಮ ಗೇಟು ಯಾವುದು ಅಂತ ಗೊತ್ತಿರಲ್ಲ ಸರ್."

ಅವರು ಹಣೆ ಉಜ್ಜಿಕೊಂಡರು. "ಪ್ರಶಸ್ತಿಯವರಿಗೆ ಗೊತ್ತಿರುತ್ತಮ್ಮ. ನೀನು ಹೇಳೋದು ಸರೀನೇ. ಆದ್ರೆ ಸರಿ ಇರೋದೆಲ್ಲ ಈ ವರ್ಷಾನೇ ಮಾಡೋಕಾಗಲ್ಲ."

ಆಗಸ್ಟು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಪರದೆಯ ಮೇಲೆ ಎರಡನೇ ಪ್ರೆಸ್ಸಿನ ಜಾಗದಲ್ಲಿ ಕೆಂಪು ಚುಕ್ಕೆ ಕಂಡಿತು. ಓಡಿಹೋದೆ. ಸ್ಟೀಲ್ ಪೈಪು ಕೊರೆಯಲಾಗದೆ ವಾಸಣ್ಣ ಅದರ ಒಂದು ಜೋಡಣೆಯನ್ನೇ ಸಡಿಲ ಮಾಡಿದ್ದರು. ಕತ್ತಿನ ಹಿಂದೆ ಗಾಳಿ ಸುಯ್ಯೆನ್ನುತ್ತಿತ್ತು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ವಾಸಣ್ಣ, ಬಿಗಿ ಮಾಡಿ. ಕಾಣಿಸ್ತಿದೆ."

"ಯಾರಿಗೆ? ನಿಮಗೆ ತಾನೆ? ನೀವು ಆಚೆ ನೋಡಿ."

"ನನಗೊಬ್ಬಳಿಗೇ ಅಲ್ಲ. ಶ್ರೀಕಾಂತ್ ಸರ್ ಮೊಬೈಲಿಗೂ ಹೋಗುತ್ತೆ."

"ಹೋಗ್ಲಿ, ಖಲ್ಲಿವಲ್ಲಿ." ಹೋದರೆ ಹೋಗಲಿ ಎನ್ನಲು ಇಲ್ಲಿ ಎಲ್ಲ ಭಾಷೆಯವರೂ ಬಳಸುವ ಮಾತದು. "ಮೇಡಂ, ನಂಗೆ ಕಣ್ಣು ಕತ್ತಲೆ ಬರ್ತಾ ಉಂಟು. ಇದು ಬಿಗಿ ಮಾಡಿದ್ರೆ ನಾನು ಬೀಳ್ತೇನೆ, ಬಿದ್ರೆ ಊರಿಗೆ. ಬಿಗಿ ಮಾಡದಿದ್ರೂ ಊರಿಗೆ. ಸ್ವಲ್ಪ ತಂಪು ಮಾಡ್ಕೊಂಡೇ ಹೋಗ್ತೇನಲ್ಲ."

ನಾನು ಆಚೆ ನೋಡಿದೆ. ಆಫೀಸಿಗೆ ಹೋಗಿ ಆ ಚುಕ್ಕೆಯ ಬಗ್ಗೆ ಯಾರಿಗೂ ಏನೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವೇ ಇರಲಿಲ್ಲ. ವಾರ ಕಳೆಯುವುದರೊಳಗೆ ಶ್ರೀಕಾಂತ್ ಸರ್ ಮತ್ತು ಆಡಳಿತ ವಿಭಾಗದವರು ಒಟ್ಟಿಗೆ ಷೆಡ್ಡಿಗೆ ಬಂದು ನಿಂತರು. ವಾಸಣ್ಣ ಮೊದಲು ತಾನಲ್ಲ ಎಂದರು. ರಫೀಕ್ ಭಾಯ್ ಕೂಡ ಅಲ್ಲ ಎಂದ. ಎದ್ದುಹೋಗುವಾಗಲೆಲ್ಲ ಅವರು ಜೋಡಣೆಯನ್ನು ಬಿಗಿ ಮಾಡಿಯೇ ಹೋಗುತ್ತಿದ್ದರಿಂದ, ಪರದೆಯ ಗೆರೆಯಲ್ಲಿ ವಾಸಣ್ಣ ಊಟಕ್ಕೆ ಹೋದದ್ದು, ಬಂದದ್ದು, ನಲ್ಲಿಯ ಹತ್ತಿರ ಹೋಗಿ ನಿಂತದ್ದು ಎಲ್ಲವೂ ಇತ್ತು. ಮೇ ತಿಂಗಳಲ್ಲಿ ನಾನು ಕಂಡುಹಿಡಿದ ವಿಧಾನವೇ ಅದು.

ಕಂಪನಿಯ ಆಸ್ತಿಗೆ ಹಾನಿ, ಸುರಕ್ಷತೆಯ ಉಲ್ಲಂಘನೆ ಎಂದು ಬರೆದ ಕಾಗದವನ್ನು ತಾಂತ್ರಿಕ ಸಾಕ್ಷಿಯಾಗಿ ನಾನು ಸಹಿ ಮಾಡಬೇಕೆಂದು ತಂದಿಟ್ಟರು. ಒತ್ತಿದ ಗಾಳಿಯನ್ನು ಮೈಗೆ ಬಿಟ್ಟುಕೊಳ್ಳುವುದು ಅಪಾಯಕಾರಿ ಎಂಬ ಸಾಲು ನನ್ನ ವರದಿಯಿಂದಲೇ ಎತ್ತಿದ್ದು. ಸತ್ಯವಾದ ಸಾಲು. ಅದರ ಮುಂದಿನ ಸಾಲು, ಬದಲಿ ಏರ್ಪಾಡಿನದು, ಆ ಕಾಗದದಲ್ಲಿ ಇರಲಿಲ್ಲ. ನಾನು ಸಹಿ ಮಾಡುವುದಿಲ್ಲ ಎಂದೆ. ಶ್ರೀಕಾಂತ್ ಸರ್ ಮುಖದಲ್ಲಿ ಸಿಟ್ಟಿರಲಿಲ್ಲ. "ನಿನ್ನಿಷ್ಟ" ಎಂದರು. ಅದೇ ಸಂಜೆ ಬೇರೊಬ್ಬರು ಸಹಿ ಮಾಡಿದರು. ಅವರಿಗೆ ಪ್ರೆಸ್ಸು ಎಲ್ಲಿದೆ ಎಂಬುದೂ ಸರಿಯಾಗಿ ಗೊತ್ತಿರಲಿಲ್ಲ.

ವಾಸಣ್ಣನನ್ನು ಕೆಲಸದಿಂದ ತೆಗೆದರು. ವಿಮಾನದ ಟಿಕೆಟ್ಟು ಕಂಪನಿಯದೇ. ಅದರಲ್ಲಿ ಯಾರೂ ಕಡಿಮೆ ಮಾಡಲಿಲ್ಲ. ಹೊರಡುವ ಮೊದಲು ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಅವರು ನಿಂತಿದ್ದನ್ನು ಕಂಡು ನಾನು ಬಸ್ಸು ಹತ್ತದೆ ಅವರ ಹತ್ತಿರ ಹೋದೆ. ಕಾಗದದ ಲೋಟದಲ್ಲಿ ಹಾಲು ಹಾಕಿ ಗಟ್ಟಿಯಾಗಿ ಕುದಿಸಿದ ಕರಕ್ ಚಹಾ ಹಿಡಿದುಕೊಂಡು, ನನಗೂ ಒಂದು ಹೇಳಿದರು.

"ಮೀಟರ್ ಹಾಕಿದ್ದು ಯಾರು ಮೇಡಂ?"

"ನಾನು."

"ತೂತು ಇದ್ದದ್ದು ನಿಜ ಅಂತ ಒಪ್ಪಿದ್ದು ಯಾರು?"

"ನೀವು."

"ಹಾಂ. ಅಷ್ಟೇ. ಕತೆ ಸಣ್ಣದು."

"ನಾನು ಯಾರಿಗೂ ಹೇಳಲಿಲ್ಲ ವಾಸಣ್ಣ. ಸಹಿ ಕೂಡ ಮಾಡಲಿಲ್ಲ."

"ಗೊತ್ತುಂಟು. ರಫೀಕ್ ಹೇಳಿದ. ನಾನು ನಂಬ್ತೇನೆ ಮಾರಾಯ್ರೆ, ನಂಬುದಿಲ್ಲ ಅಂತ ಅಲ್ಲ." ಚಹಾ ಊದಿ ಒಂದು ಗುಟುಕು ಕುಡಿದರು. "ಆದ್ರೆ ನಂಬಿದ್ರೂ ನಂಬದಿದ್ರೂ ವಿಮಾನ ಒಂದೇ ಅಲ್ವಾ?"

ಅವರು ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು. ಷೆಡ್ಡಿನಲ್ಲಿ ಎಲ್ಲರನ್ನೂ ಬೈಯುತ್ತಿದ್ದವರು ನನ್ನ ಚಹಾದ ದುಡ್ಡನ್ನೂ ತಾವೇ ಯಾಕೆ ಕೊಟ್ಟರೋ ತಿಳಿಯದು. ಮುಂದೆ ಏನು ಮಾಡುತ್ತೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಪ್ರಶಸ್ತಿಯವರು ನವೆಂಬರಿನಲ್ಲಿ ಬಂದರು. ನವೆಂಬರಿನಲ್ಲಿ ಬಹರೈನಿನ ಹವೆ ಯಾರ ಮೇಲೂ ದೂರು ಹೇಳುವುದಿಲ್ಲ. ಆಕಾಶ ತಿಳಿ, ಸಮುದ್ರದಿಂದ ಹಿತವಾದ ಗಾಳಿ. ಪರಿಶೀಲನೆಗೆ ಬಂದಿದ್ದವರ ಮುಖ್ಯಸ್ಥೆ ಬಹಳ ಸಭ್ಯಳು. ಸೂಕ್ಷ್ಮವಾದ ಪ್ರಶ್ನೆಗಳನ್ನು ಕೇಳಿದಳು. ಎರಡನೇ ಪ್ರೆಸ್ಸಿನ ಮುಂದೆ ನಿಂತು, ಇಷ್ಟು ಸದ್ದಿಲ್ಲದ ಷೆಡ್ಡನ್ನು ತಾನು ನೋಡಿಯೇ ಇಲ್ಲ ಎಂದಳು. ಗಾಳಿ ಸೋರುವ ಸದ್ದು ಎಲ್ಲಿಯೂ ಕೇಳುತ್ತಿಲ್ಲವಲ್ಲ ಎಂದು ಮೆಚ್ಚಿಕೊಂಡಳು. ವಾಸಣ್ಣನ ಜಾಗದಲ್ಲಿ ಬಂದಿದ್ದ ಹೊಸಬ, ವಯಸ್ಸಿನಲ್ಲಿ ಅವರ ಅರ್ಧ, ನೆಟ್ಟಗೆ ನಿಂತಿದ್ದ. ಈ ಸುಧಾರಣೆಯ ಹಿಂದೆ ಇರುವವಳು ಇವಳೇ ಎಂದು ಶ್ರೀಕಾಂತ್ ಸರ್ ನನ್ನನ್ನು ಮುಂದೆ ಮಾಡಿದರು. ಏನಾದರೂ ಹೇಳಿ ಎಂದು ಆಕೆ ನನ್ನ ಕಡೆ ನೋಡಿದಳು.

"ನೀವು ಆಗಸ್ಟಿನಲ್ಲಿ ಬರಬೇಕಿತ್ತು" ಎಂದೆ ಇಂಗ್ಲಿಷಿನಲ್ಲಿ.

ಆಕೆ ನಕ್ಕಳು. ಆಗಸ್ಟಿನಲ್ಲಿ ಇಲ್ಲಿ ಯಾರು ತಾನೇ ಬರುತ್ತಾರೆ ಎಂದಳು. ಎಲ್ಲರೂ ನಕ್ಕರು. ನನ್ನ ಮಾತನ್ನು ಮುಂದುವರಿಸಲು ನನಗೆ ಒಂದು ಕ್ಷಣದ ಅವಕಾಶವಿತ್ತು. ಶ್ರೀಕಾಂತ್ ಸರ್ ಅಷ್ಟರಲ್ಲಿ ಅವರನ್ನು ಪರದೆಯ ಕಡೆಗೆ ಕರೆದುಕೊಂಡು ಹೋದರು. ನಾನು ಹಿಂದೆಯೇ ಹೋಗಿ ಹಾಳಾದ ಪಟ್ಟಿಗಳ ಲೆಕ್ಕವನ್ನು ಆಕೆಗೆ ಹೇಳಿದೆ. ಆಕೆ ಗಮನವಿಟ್ಟು ಕೇಳಿದಳು. ಕುತೂಹಲದ ವಿಷಯ, ಆದರೆ ಇದು ಅರ್ಜಿಯ ವ್ಯಾಪ್ತಿಯ ಹೊರಗಿನದು ಎಂದಳು.

ಪ್ರಶಸ್ತಿ ಬಂತು. ಶ್ರೀಕಾಂತ್ ಸರ್ ವೇದಿಕೆಯ ಮೇಲೆ ನಿಂತು ಗಾಜಿನ ಫಲಕ ಹಿಡಿದ ಫೋಟೋವನ್ನು ಕಾರ್ಖಾನೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ನನ್ನ ಹೆಸರನ್ನೂ ಕೆಳಗೆ ಬರೆದಿದ್ದರು. ಒಂದರ ಹಿಂದೊಂದು ಚಪ್ಪಾಳೆಯ ಚಿತ್ರಗಳು ಬರತೊಡಗಿದವು. ಅವುಗಳ ನಡುವೆ ಒಂದು ಸಂದೇಶ ಕನ್ನಡದಲ್ಲಿತ್ತು. ವಾಸಣ್ಣನದು. ಕೆಲಸದಿಂದ ತೆಗೆದಾಗ ಅವರ ಗುರುತಿನ ಚೀಟಿ, ಬೂಟು, ಹೆಲ್ಮೆಟ್ಟು ಎಲ್ಲವನ್ನೂ ವಾಪಸು ತೆಗೆದುಕೊಂಡವರು ಗುಂಪಿನಿಂದ ತೆಗೆಯುವುದನ್ನು ಮರೆತಿದ್ದರು.

"ಅಭಿನಂದನೆ ಮೇಡಂ. ರಫೀಕನಿಗೆ ಈಗ ತಂಪು ಬರ್ತದಾ?"

ನಾನು ಉತ್ತರ ಬರೆಯತೊಡಗಿದೆ. ಬರೆದು ಮುಗಿಸುವ ಮೊದಲೇ, ವಾಸು ಪೂಜಾರಿ ಅವರನ್ನು ಗುಂಪಿನಿಂದ ತೆಗೆಯಲಾಗಿದೆ ಎಂಬ ಸಾಲು ಕಾಣಿಸಿತು. ಅದರ ಕೆಳಗೆ ಚಪ್ಪಾಳೆಗಳು ಮುಂದುವರಿದವು. ಅವರ ನಂಬರು ನನ್ನಲ್ಲಿತ್ತು. ಗುಂಪಿಗೆ ಬರೆಯುತ್ತಿದ್ದ ಉದ್ದದ ಉತ್ತರವನ್ನು ಅಳಿಸಿದೆ. ಫೇಸ್ ಟೂ, ಕೊಳವೆ, ಮೀಟಿಂಗು, ನನ್ನ ಪ್ರಯತ್ನ, ಎಲ್ಲವೂ ಅದರಲ್ಲಿದ್ದವು. ಅವರಿಗೆ ಬೇರೆಯಾಗಿ "ಇಲ್ಲ" ಎಂದಷ್ಟೇ ಬರೆದು ಕಳಿಸಿದೆ.

ಓದಿದರೆಂಬ ಗುರುತು ಬಂತು, ಉತ್ತರ ಬರಲಿಲ್ಲ. ಆ ವರ್ಷ ನಾನು ಬರೆದದ್ದರಲ್ಲಿ, ಯಾರೂ ತಿದ್ದದೆ ತಲುಪಬೇಕಾದವರಿಗೆ ತಲುಪಿದ್ದು ಅದೊಂದೇ.